ಅತ್ತೆ ಮತ್ತೆ ನಡೆದಾರು

ಅತ್ತೆಯೋ ಅಮ್ಮನೋ ಬಚ್ಚಲಲ್ಲಿ ಜಾರಿ ಬೀಳುತ್ತಾರೆ. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುತ್ತದೆ. ಅದಕ್ಕೇ ಸಣ್ಣ ಪೆಟ್ಟಿಗೂ ಮುರಿಯುತ್ತದೆ.

ಆಪರೇಷನ್ ಮಾಡಿಸಿ ಮನೆಗೆ ಕರೆತರುತ್ತೇವೆ. "ಏಳಬೇಡಿ ಅತ್ತೆ, ಮಲಗಿರಿ" ಅಂತೀವಿ. ಗಂಜಿ ಕುಡಿಸ್ತೀವಿ. ಪ್ರೀತಿಯಿಂದಲೇ ಮಾಡ್ತೀವಿ. ಆದರೆ ಇದರಿಂದ ಕೇಡೇ ಹೆಚ್ಚು. ಮಲಗಿದಷ್ಟೂ ಕಾಲಿನ ಮಾಂಸಖಂಡ ಕರಗುತ್ತದೆ. ಬೆನ್ನಿಗೆ ಹುಣ್ಣಾಗುತ್ತದೆ. ಎದೆಯಲ್ಲಿ ಕಫ ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಆಪರೇಷನ್ ಆದ ಮರುದಿನವೇ ಎಷ್ಟೋ ಜನರನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಮನೆಯಲ್ಲಿ ನಾವು ಮಲಗಿಸಿದರೆ ಹೇಗೆ?

ಮೂಳೆ ಕೂಡಲು, ಕಾಲಿಗೆ ಬಲ ಬರಲು ಪ್ರೋಟೀನ್ ಬೇಕು. 45 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಒಂದು ಲೋಟ ಹಾಲಿನಲ್ಲೂ ಅಷ್ಟೇ. ಬರೀ ಗಂಜಿಯಲ್ಲಿ ಎಷ್ಟು ಸಿಕ್ಕೀತು? ಬೇಳೆ, ಹುರುಳಿ, ಶೇಂಗಾ ಕೊಡೋಣ. ರಾಗಿ ಅಂಬಲಿಗೆ ಹಾಲು ಬೆರೆಸೋಣ. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವಿದೆ. ಒಂದೇ ಸಲ ಹೆಚ್ಚು ಸೇರದು. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡೋಣ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳೋಣ.

"ಮುದುಕಿಗ್ಯಾಕೆ ಮೊಟ್ಟೆ? ಮೊಮ್ಮಗನಿಗೆ ಕೊಡು" ಅಂತ ಅತ್ತೆಯೇ ಹೇಳ್ತಾರೆ! ಬಿಡಬಾರದು. ಬಾಣಂತಿಗೆ ಆರೈಕೆ ಮಾಡ್ತೀವಲ್ಲ, ಇವರಿಗೂ ಹಾಗೇ ಮಾಡಬೇಕು.

ಕಾಲಿಗೆ ಎಷ್ಟು ಭಾರ ಹಾಕಬಹುದು ಎಂದು ಡಾಕ್ಟರನ್ನು ಕೇಳಿಕೊಂಡೇ ನಡೆಸಬೇಕು. ಮೊದಲು ವಾಕರ್ ಮುಂದಿಡಬೇಕು. ಆಮೇಲೆ ನೋವಿನ ಕಾಲು. ಕೊನೆಗೆ ಒಳ್ಳೆಯ ಕಾಲು. ಇವತ್ತು ಬಾಗಿಲವರೆಗೆ, ನಾಲ್ಕು ದಿನ ಬಿಟ್ಟು ಜಗಲಿವರೆಗೆ. ನಾವು ಪಕ್ಕದಲ್ಲೇ ಇರೋಣ. ಅಷ್ಟರಲ್ಲಿ ಬಚ್ಚಲಿನ ಪಾಚಿ ಉಜ್ಜಿ ತೆಗೆದಿರೋಣ.