ಮಿಸಿಸಿಪ್ಪಿಯ ಗವರ್ನರ್ ಚುನಾವಣೆ ಮತ್ತು ಒಬ್ಬ ಔಷಧ ವ್ಯಾಪಾರಿ

ನಮ್ಮ ದೇಶದಲ್ಲಿ ರಾಜ್ಯಪಾಲರ ಪದವಿಗೆ ಚುನಾವಣೆಯಿಲ್ಲ. ಸಂವಿಧಾನದ 155ನೆಯ ವಿಧಿಯಂತೆ ರಾಷ್ಟ್ರಪತಿಗಳು ಅವರನ್ನು ನೇಮಿಸುತ್ತಾರೆ. ಆದುದರಿಂದ ‘ಗವರ್ನರ್ ಪದವಿಗೆ ನಿಂತು ಸೋತವರು’ ಎಂಬ ಮಾತು ನಮ್ಮ ಕಿವಿಗೆ ತುಸು ವಿಚಿತ್ರವಾಗಿಯೇ ಕೇಳುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಾಗಲ್ಲ. ಅಲ್ಲಿಯ ಐವತ್ತು ರಾಜ್ಯಗಳಲ್ಲಿಯೂ ಗವರ್ನರರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರದ ದೃಷ್ಟಿಯಿಂದ ನೋಡಿದರೆ ಅವರು ನಮ್ಮ ಮುಖ್ಯಮಂತ್ರಿಗಳಿಗೆ ಹೆಚ್ಚು ಹತ್ತಿರದವರು.

ಹೋದ ಸಲದ ಚುನಾವಣೆಯ ಕಾಲದಲ್ಲಿ ನಮ್ಮ ವಿದ್ಯಾರ್ಥಿ ನಿಲಯದಲ್ಲಿ ಒಂದು ಚರ್ಚೆ ನಡೆಯಿತು. “ಗೆಲ್ಲದವನಿಗೆ ಹಾಕುವ ವೋಟು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ” ಎಂದು ಗೆಳೆಯನೊಬ್ಬನು ವಾದಿಸಿದನು. ನಾನೂ ತಲೆಯಾಡಿಸಿದೆನು. ಅಷ್ಟೇ ಅಲ್ಲ, ಊರಿಗೆ ಹೋಗಿ ಬರಲು ಎರಡು ಬಸ್ಸು ಬದಲಾಯಿಸಬೇಕೆಂಬ ಸೋಮಾರಿತನಕ್ಕೆ ಆ ವಾದವನ್ನೇ ನೆಪವಾಗಿ ಹಿಡಿದು, ಪಟ್ಟಿಯಲ್ಲಿ ಹೆಸರಿದ್ದರೂ ಮತ ಹಾಕದೆ ಉಳಿದೆನು. ಆಮೇಲೆ ರಾಜ್ಯಶಾಸ್ತ್ರದ ಪಾಠಕ್ಕಾಗಿ ಅಮೆರಿಕದ ಚುನಾವಣೆಗಳ ಬಗ್ಗೆ ಓದುತ್ತಿರುವಾಗ ಏರನ್ ಹೆನ್ರಿ ಎಂಬ ಹೆಸರು ಕಣ್ಣಿಗೆ ಬಿತ್ತು. ಈ ಲೇಖನ ಅವರ ಸೋಲನ್ನು ಕುರಿತದ್ದು.

ಅಮೆರಿಕದ ದಕ್ಷಿಣ ಭಾಗದಲ್ಲಿ, ಅದೇ ಹೆಸರಿನ ಮಹಾನದಿಯ ದಂಡೆಯಲ್ಲಿ, ಮಿಸಿಸಿಪ್ಪಿ ರಾಜ್ಯವಿದೆ. ಹತ್ತಿ ಬೆಳೆಯುವ ಸೀಮೆ. 1960ರ ಜನಗಣತಿಯ ಪ್ರಕಾರ ಅಲ್ಲಿಯ ಜನರಲ್ಲಿ ನೂರಕ್ಕೆ 42 ಮಂದಿ ಕಪ್ಪು ಜನಾಂಗದವರು. ಇವರಲ್ಲಿ ಹೆಚ್ಚಿನವರು ಹಿಂದೆ ಗುಲಾಮರಾಗಿ ದುಡಿದವರ ಸಂತಾನ. ಮತ ಹಾಕುವ ವಯಸ್ಸಾಗಿದ್ದ ಕಪ್ಪು ಜನರ ಸಂಖ್ಯೆ ನಾಲ್ಕು ಲಕ್ಷಕ್ಕೂ ಮೀರಿತ್ತು. ಆದರೆ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ನೂರಕ್ಕೆ ಏಳು ಮಂದಿಯೂ ಇರಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ವರ್ಣದ ಕಾರಣದಿಂದ ಮತಾಧಿಕಾರವನ್ನು ನಿರಾಕರಿಸಬಾರದೆಂದು ಅಮೆರಿಕದ ಸಂವಿಧಾನದ ಹದಿನೈದನೆಯ ತಿದ್ದುಪಡಿ 1870ರಲ್ಲಿಯೇ ಸಾರಿತ್ತು. ಹಾಗಾಗಿ ಮಿಸಿಸಿಪ್ಪಿಯು ತನ್ನ 1890ರ ರಾಜ್ಯ ಸಂವಿಧಾನದಲ್ಲಿ ‘ಕಪ್ಪು’ ಎಂಬ ಪದವನ್ನು ಬಳಸದೆಯೇ ಕೆಲಸ ಸಾಧಿಸುವ ದಾರಿ ಹುಡುಕಿತು. ಮೊದಲನೆಯದು, ಮತ ಹಾಕುವವರು ಎರಡು ಡಾಲರಿನ ತಲೆಗಂದಾಯ ಕಟ್ಟಿರಬೇಕು. ಎರಡನೆಯದು ಪರೀಕ್ಷೆ. ಮುಂದಿನ ವರ್ಷಗಳಲ್ಲಿ ಇದು ಇನ್ನಷ್ಟು ಬಿಗಿಯಾಯಿತು. ಹೆಸರು ನೋಂದಾಯಿಸಲು ಹೋದವನು ರಾಜ್ಯ ಸಂವಿಧಾನದ ಒಂದು ಭಾಗವನ್ನು ನಕಲು ಮಾಡಿ, ಅದರ ಅರ್ಥವನ್ನು ತನ್ನ ಮಾತಿನಲ್ಲಿ ಬರೆಯಬೇಕು. ಪೌರನ ಕರ್ತವ್ಯಗಳೇನೆಂಬುದನ್ನೂ ವಿವರಿಸಬೇಕು. ಯಾವ ಭಾಗವನ್ನು ಕೊಡಬೇಕು, ಉತ್ತರ ಸರಿಯೋ ತಪ್ಪೋ ಎಂಬ ತೀರ್ಮಾನವೆಲ್ಲ ನೋಂದಣಿ ಅಧಿಕಾರಿಯದು. ಆ ಅಧಿಕಾರಿ ಬಿಳಿಯನು. ಬಿಳಿಯರಿಗೆ ಒಂದು ಸಾಲಿನ ಸುಲಭ ಭಾಗ ಬರುತ್ತಿತ್ತು. ಕಪ್ಪು ಜನಾಂಗದ ಉಪಾಧ್ಯಾಯರೂ ‘ಅನುತ್ತೀರ್ಣ’ರಾಗುತ್ತಿದ್ದರು.

ಪರೀಕ್ಷೆಗಿಂತ ಭಯಂಕರವಾದುದು ಅದರ ಪರಿಣಾಮ. 1962ರ ಒಂದು ಕಾಯಿದೆಯಂತೆ ಅರ್ಜಿ ಹಾಕಿದವರ ಹೆಸರು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಪ್ರಕಟವಾಗುತ್ತಿತ್ತು. ಧಣಿಗಳು ಅದನ್ನು ಓದುತ್ತಿದ್ದರು. ಫ್ಯಾನಿ ಲೂ ಹೇಮರ್ ಎಂಬ ನಲವತ್ತನಾಲ್ಕು ವರ್ಷದ ಹೆಂಗಸು ಒಂದೇ ತೋಟದಲ್ಲಿ ಹದಿನೆಂಟು ವರ್ಷ ದುಡಿದಿದ್ದಳು. 1962ರ ಆಗಸ್ಟ್ 31ರಂದು ಅವಳು ಇಂಡಿಯನೋಲ ಪಟ್ಟಣಕ್ಕೆ ಹೋಗಿ ಹೆಸರು ನೋಂದಾಯಿಸಲು ಪ್ರಯತ್ನಿಸಿದಳು. ಪತ್ರಿಕೆಯವರೆಗೂ ಕಾಯಬೇಕಾಗಲಿಲ್ಲ, ಅದೇ ದಿನ ಅವಳು ತೋಟವನ್ನು ಬಿಟ್ಟು ಹೊರಡಬೇಕಾಯಿತು.

ಇಷ್ಟಾದ ಮೇಲೂ ಆ ರಾಜ್ಯದ ಮುಖಂಡರು ಹೊರಗಿನವರಿಗೆ ಹೇಳುತ್ತಿದ್ದ ಮಾತು ಒಂದೇ: “ನಮ್ಮ ಕಪ್ಪು ಜನ ಸುಖವಾಗಿದ್ದಾರೆ. ಅವರಿಗೆ ಮತದಾನದಲ್ಲಿ ಆಸಕ್ತಿಯೇ ಇಲ್ಲ.” ಬಾಯಿ ಮುಚ್ಚಿಸಿದ ಮೇಲೆ ‘ಇವನು ಮಾತನಾಡುವುದಿಲ್ಲ’ ಎಂದು ದೂರುವ ರೀತಿ ಇದು. ಏರನ್ ಹೆನ್ರಿ ಸ್ಪರ್ಧಿಸಿದ್ದು ಈ ಮಾತಿಗೆ ಉತ್ತರವಾಗಿ.

ಹೆನ್ರಿ ಹುಟ್ಟಿದ್ದು 1922ರಲ್ಲಿ, ಪಾಲಿಗೆ ಉಳುವ ಬಡ ರೈತರ ಮನೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಆಮೇಲೆ ನ್ಯೂ ಆರ್ಲಿಯನ್ಸಿನ ಜೇವಿಯರ್ ವಿಶ್ವವಿದ್ಯಾನಿಲಯದಲ್ಲಿ ಔಷಧ ಶಾಸ್ತ್ರವನ್ನು ಓದಿ 1950ರಲ್ಲಿ ಪದವಿ ಪಡೆದರು. ಕ್ಲಾರ್ಕ್ಸ್‌ಡೇಲ್ ಎಂಬ ಪಟ್ಟಣದಲ್ಲಿ ಔಷಧದ ಅಂಗಡಿ ತೆರೆದರು. ಸ್ವಂತ ಅಂಗಡಿಯಿದ್ದುದರಿಂದ ಅವರನ್ನು ಕೆಲಸದಿಂದ ತೆಗೆದುಹಾಕುವ ಧಣಿ ಯಾರೂ ಇರಲಿಲ್ಲ. ಮಿಸಿಸಿಪ್ಪಿಯಲ್ಲಿ ಕಪ್ಪು ಜನಾಂಗದ ನಾಯಕರನೇಕರು ಇಂತಹ ಸ್ವತಂತ್ರ ವೃತ್ತಿಯವರಾಗಿದ್ದುದು ಆಕಸ್ಮಿಕವಲ್ಲ. ಆದರೂ ಅಪಾಯ ತಪ್ಪಲಿಲ್ಲ. 1963ರ ಏಪ್ರಿಲ್‌ನಲ್ಲಿ ಅವರ ಮನೆಗೆ ಬೆಂಕಿಯ ಬಾಂಬು ಎಸೆದರು. ಜೂನ್ 12ರಂದು ಅವರ ಸಹೋದ್ಯೋಗಿ ಮೆಡ್ಗರ್ ಎವರ್ಸ್ ಜ್ಯಾಕ್ಸನ್ ನಗರದ ತಮ್ಮ ಮನೆಯಂಗಳದಲ್ಲಿಯೇ ಗುಂಡಿಗೆ ಬಲಿಯಾದರು.

ಆ ವರ್ಷದ ನವೆಂಬರ್‌ನಲ್ಲಿ ಗವರ್ನರ್ ಚುನಾವಣೆಯಿತ್ತು. ಡೆಮಾಕ್ರಾಟಿಕ್ ಪಕ್ಷದ ಉಮೇದುವಾರ ಪಾಲ್ ಜಾನ್ಸನ್. 1962ರಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ವಿಶ್ವವಿದ್ಯಾನಿಲಯವನ್ನು ಸೇರಲು ಬಂದಾಗ ಸ್ವತಃ ಅಡ್ಡ ನಿಂತು ತಡೆದವರೆಂಬುದೇ ಅವರ ಖ್ಯಾತಿ. ರಿಪಬ್ಲಿಕನ್ ಪಕ್ಷದ ರೂಬೆಲ್ ಫಿಲಿಪ್ಸ್ ಕೂಡ ವರ್ಣಭೇದದ ಪರವೇ. ಯಾರು ಗೆದ್ದರೂ ಕಪ್ಪು ಜನರ ಪಾಲಿಗೆ ಫಲ ಒಂದೇ.

ಆಗ ನಾಗರಿಕ ಹಕ್ಕುಗಳ ಸಂಘಗಳೆಲ್ಲ ಸೇರಿ ರಚಿಸಿಕೊಂಡಿದ್ದ ಒಕ್ಕೂಟವು ಒಂದು ಹೊಸ ಯೋಚನೆ ಮಾಡಿತು. ಅದಕ್ಕೆ ಹೆನ್ರಿಯವರೇ ಅಧ್ಯಕ್ಷರು. ರಾಬರ್ಟ್ ಮೋಸೆಸ್ ಎಂಬ ಯುವಕ ಅದರ ಕಾರ್ಯದ ಬೆನ್ನೆಲುಬು. ಸರಕಾರದ ಮತಗಟ್ಟೆಗೆ ನಮ್ಮನ್ನು ಬಿಡದಿದ್ದರೆ ನಾವೇ ಮತಗಟ್ಟೆ ಮಾಡಿಕೊಳ್ಳೋಣ ಎಂಬುದು ಆ ಯೋಚನೆ. ಗವರ್ನರ್ ಸ್ಥಾನಕ್ಕೆ ಹೆನ್ರಿ, ಉಪಗವರ್ನರ್ ಸ್ಥಾನಕ್ಕೆ ಟೂಗಲೂ ಕಾಲೇಜಿನ ಬಿಳಿಯ ಪಾದ್ರಿ ಎಡ್ವಿನ್ ಕಿಂಗ್. ಕಪ್ಪು ಬಿಳುಪು ಇಬ್ಬರೂ ಒಂದೇ ಪಟ್ಟಿಯಲ್ಲಿ ನಿಂತದ್ದೇ ಆ ರಾಜ್ಯದಲ್ಲಿ ಒಂದು ಸಾಹಸ. ವರ್ಣಭೇದದ ಅಂತ್ಯ, ಎಲ್ಲರಿಗೂ ಮತಾಧಿಕಾರ, ನ್ಯಾಯವಾದ ಕೂಲಿ, ಒಳ್ಳೆಯ ಶಾಲೆ ಇವು ಅವರ ಬೇಡಿಕೆಗಳು. ಈ ಚುನಾವಣೆಯನ್ನು ‘ಸ್ವಾತಂತ್ರ್ಯ ಮತದಾನ’ ಎಂದು ಕರೆದರು.

ಮತಪೆಟ್ಟಿಗೆಗಳನ್ನು ಚರ್ಚುಗಳಲ್ಲಿ, ಕ್ಷೌರದಂಗಡಿಗಳಲ್ಲಿ, ದಿನಸಿ ಅಂಗಡಿಗಳಲ್ಲಿ ಇಟ್ಟರು. ಅವುಗಳ ಹತ್ತಿರ ಸುಳಿಯಲು ಹೆದರುವವರಿದ್ದ ಕಡೆಗೆ ಕಾರ್ಯಕರ್ತರೇ ಮತಪತ್ರ ಹಿಡಿದು ಹೋದರು. ಯೇಲ್, ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯಗಳಿಂದ ಬಿಳಿಯ ವಿದ್ಯಾರ್ಥಿಗಳು ಬಂದು ನೆರವಾದರು. ಪೊಲೀಸರು ಸಣ್ಣಪುಟ್ಟ ನೆಪಗಳಿಂದ ಕಾರ್ಯಕರ್ತರನ್ನು ಹಿಡಿದು ಕೂರಿಸಿದರು. ಇಲ್ಲಿ ಒಂದು ಕಹಿ ಸತ್ಯವೂ ಹೊರಬಿತ್ತು. ಸ್ಥಳೀಯ ಕಪ್ಪು ಕಾರ್ಯಕರ್ತರು ವರ್ಷಗಟ್ಟಲೆ ಏಟು ತಿಂದಾಗ ತಿರುಗಿ ನೋಡದ ಪತ್ರಿಕೆಗಳು, ಹೆಸರಾಂತ ಕಾಲೇಜುಗಳ ಬಿಳಿಯ ಹುಡುಗರು ಬಂದೊಡನೆ ಅತ್ತ ಕಣ್ಣು ಹೊರಳಿಸಿದವು. ಈ ನೆರವನ್ನು ಸ್ವೀಕರಿಸಬೇಕೇ ಬೇಡವೇ ಎಂದು ಕಾರ್ಯಕರ್ತರೊಳಗೇ ತೀವ್ರ ವಾಗ್ವಾದ ನಡೆಯಿತು. ಅವರ ನೋವು ನ್ಯಾಯವಾದುದೆಂದೇ ನನಗೆ ತೋರುತ್ತದೆ.

ನವೆಂಬರ್ ಮೊದಲ ವಾರದಲ್ಲಿ ಪೆಟ್ಟಿಗೆ ತೆರೆದಾಗ ಸುಮಾರು 83,000 ಮತಗಳು ಬಿದ್ದಿದ್ದವು. ಸರಕಾರಿ ಚುನಾವಣೆಯಲ್ಲಿ ಜಾನ್ಸನ್ ನೂರಕ್ಕೆ 62ರಷ್ಟು ಮತ ಪಡೆದು ಗವರ್ನರಾದರು. ಹೆನ್ರಿಯವರ ಒಂದು ಮತವೂ ಆ ಎಣಿಕೆಗೆ ಸೇರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ಸೋತದ್ದೂ ಅಲ್ಲ, ಸ್ಪರ್ಧಿಸಿಯೇ ಇರಲಿಲ್ಲ.

ಹಾಗಾದರೆ ಬಂದ ಫಲವೇನು? ಲೆಕ್ಕವನ್ನೇ ನೋಡೋಣ. ಆಗ ಸರಕಾರಿ ಪಟ್ಟಿಯಲ್ಲಿದ್ದ ಕಪ್ಪು ಮತದಾರರು ಮೂವತ್ತು ಸಾವಿರಕ್ಕೂ ಕಡಮೆ. ‘ಸ್ವಾತಂತ್ರ್ಯ ಮತದಾನ’ದಲ್ಲಿ ಭಾಗವಹಿಸಿದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಅರ್ಹರಾದವರಲ್ಲಿ ಐದರಲ್ಲೊಂದು ಪಾಲು ಮಾತ್ರ ಬಂದರೆಂಬುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಭಯ ಅಷ್ಟು ಆಳವಾಗಿತ್ತು. ಆದರೆ ‘ಅವರಿಗೆ ಆಸಕ್ತಿಯಿಲ್ಲ’ ಎಂಬ ಮಾತು ಅಂದಿಗೆ ಸತ್ತಿತು. ಈ ಅನುಭವವೇ 1964ರ ‘ಸ್ವಾತಂತ್ರ್ಯ ಬೇಸಗೆ’ಗೆ ತಳಹದಿಯಾಯಿತು. ಆ ಬೇಸಗೆಯಲ್ಲಿ ಹೊರಗಿನಿಂದ ಸುಮಾರು ಸಾವಿರ ಸ್ವಯಂಸೇವಕರು ಬಂದರು. ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಮೂವರು ತರುಣರು ಕೊಲೆಯಾದರು. ಆಗಸ್ಟ್‌ನಲ್ಲಿ ಹೆನ್ರಿ, ಹೇಮರ್ ಮೊದಲಾದವರು ಅಟ್ಲಾಂಟಿಕ್ ಸಿಟಿಯ ಡೆಮಾಕ್ರಾಟಿಕ್ ಅಧಿವೇಶನಕ್ಕೆ ಹೋಗಿ, ಮಿಸಿಸಿಪ್ಪಿಯ ನಿಜವಾದ ಪ್ರತಿನಿಧಿಗಳು ತಾವೆಂದು ವಾದಿಸಿದರು. ಪಕ್ಷವು ಎರಡೇ ಎರಡು ಸ್ಥಾನ ಕೊಡಲೊಪ್ಪಿತು. ಅವು ಹೆನ್ರಿ ಮತ್ತು ಕಿಂಗ್ ಇವರಿಗೆ. ನಿಯೋಗ ಅದನ್ನು ತಿರಸ್ಕರಿಸಿತು. 1965ರ ಆಗಸ್ಟ್ 6ರಂದು ಮತಾಧಿಕಾರದ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. 1967ರ ಹೊತ್ತಿಗೆ ಮಿಸಿಸಿಪ್ಪಿಯ ಅರ್ಹ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು 60 ಮಂದಿ ಪಟ್ಟಿಯಲ್ಲಿದ್ದರು. ಹೆನ್ರಿಯವರು ಮುಂದೆ ಅದೇ ರಾಜ್ಯದ ಶಾಸನ ಸಭೆಗೆ ಆರಿಸಿ ಬಂದು 1996ರವರೆಗೂ ಸದಸ್ಯರಾಗಿದ್ದರು, 1997ರಲ್ಲಿ ತೀರಿಕೊಂಡರು.

ಇದೆಲ್ಲ ಒಂದು ಅಣಕು ಚುನಾವಣೆಯಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಅನೇಕರ ಹೋರಾಟ, ಅನೇಕರ ರಕ್ತ ಅದರ ಹಿಂದಿದೆ. ಆದರೆ ಚುನಾವಣೆಯು ಗೆದ್ದವರನ್ನು ಆರಿಸುವ ಸಾಧನ ಮಾತ್ರವಲ್ಲ, ‘ನಾವೂ ಇದ್ದೇವೆ’ ಎಂದು ಜನ ಸಾಕ್ಷಿ ನುಡಿಯುವ ಸ್ಥಳವೂ ಹೌದು ಎಂಬುದನ್ನು ನಾನು ಈ ಸೋಲಿನಿಂದ ಕಲಿತೆ.

ನಮ್ಮ ಸಂವಿಧಾನ ರಚಿಸಿದವರು ಮತಾಧಿಕಾರಕ್ಕೆ ಓದುಬರಹದ ಷರತ್ತನ್ನು ಹಾಕಲಿಲ್ಲ. 1951ರಲ್ಲಿ ನಮ್ಮಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. ಹಾಗಿದ್ದೂ ಮೊದಲ ಮಹಾ ಚುನಾವಣೆಯಲ್ಲಿ ಜನ ಚಿಹ್ನೆ ನೋಡಿ ಮತ ಹಾಕಿದರು. ನನ್ನ ಅಜ್ಜಿಗೆ ಇಂದಿಗೂ ಓದಲು ಬಾರದು. ಮಿಸಿಸಿಪ್ಪಿಯ ಆ ಅಧಿಕಾರಿಯ ಮುಂದೆ ನಿಂತಿದ್ದರೆ ಅವಳು ಬರಿಗೈಯಲ್ಲಿ ಹಿಂದಿರುಗುತ್ತಿದ್ದಳು. ನಾನು ಊರಿಗೆ ಹೋಗದ ಆ ದಿನ ಅವಳು ಬಿಸಿಲಿನಲ್ಲಿ ಸಾಲು ನಿಂತು ಮತ ಹಾಕಿ ಬಂದಳಂತೆ. ರಜೆಗೆ ಹೋದಾಗ, “ನೀನು ನಿಂತವನು ಸೋತನಲ್ಲ ಅಜ್ಜಿ, ಹಾಕಿ ಏನು ಬಂತು?” ಎಂದು ತಮಾಷೆ ಮಾಡಿದೆ. “ಸೋತರೆ ಸೋಲಲಿ ಬಿಡೋ, ನನ್ನ ಮಾತು ನಾನು ಹೇಳಿ ಬಂದೆ. ನೀನು ಹೇಳಿದೆಯಾ?” ಎಂದಳು.

ಸಂವಿಧಾನದ ವಿಧಿಗಳನ್ನು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದ ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ಸಲ ಎರಡಲ್ಲ, ನಾಲ್ಕು ಬಸ್ಸು ಬದಲಾಯಿಸಬೇಕಾಗಿ ಬಂದರೂ ಊರಿಗೆ ಹೋಗುವೆನು.