ಏಟು ಕೊಟ್ಟ ಮೇಲೆ ಠಾಣೆಯ ದಾರಿ

ಹಿಡಿದ ಕೈ ಬಿಡಿಸಿಕೊಳ್ಳುವುದನ್ನು ಕರಾಟೆ ಮಾಸ್ತರರೂ ಕಲಿಸುತ್ತಾರೆ. ಸರ್ಕಾರಿ ಶಾಲೆಯ ಹುಡುಗಿಯರಿಗೆ ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿಯೂ ಇದೆ. ಆಳಂದ, ಅಫಜಲಪುರ, ಜೇವರ್ಗಿಯ ಶಾಲೆ, ಹಾಸ್ಟೆಲುಗಳಿಗೆ ನಿವೃತ್ತ ಪೊಲೀಸ್ ಅಧಿಕಾರಿಯನ್ನು ಕರೆಸಿದರೆ ಅವರಿಂದ ಕೇಳಿ ತಿಳಿಯಬೇಕಾದ್ದು ಬೇರೆಯೇ ಇದೆ: ಏಟು ಕೊಟ್ಟ ಮೇಲೆ ಏನಾಗುತ್ತದೆ?

'ತಿರುಗಿ ಹೊಡದ್ರ ನಮ್ಮ ಮ್ಯಾಲೇ ಕೇಸ್ ಆಗ್ತದ' ಎಂಬ ಅಂಜಿಕೆ ಈ ಕಡೆ ಬಹಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಮು ಇದಕ್ಕೆ ನೇರ ಉತ್ತರ ಕೊಡುತ್ತದೆ. ಆತ್ಮರಕ್ಷಣೆಗಾಗಿ ಮಾಡಿದ್ದು ಅಪರಾಧವೇ ಅಲ್ಲ. ತನ್ನನ್ನಷ್ಟೇ ಅಲ್ಲ, ಪಕ್ಕದವಳನ್ನು ಉಳಿಸಲು ಕೈಯೆತ್ತಿದರೂ ಅದೇ ರಕ್ಷಣೆ. ಅತ್ಯಾಚಾರ, ಅಪಹರಣದ ಉದ್ದೇಶದಿಂದ ಮೈಮೇಲೆ ಬಿದ್ದವನು, ಆಸಿಡ್ ಎರಚಲು ಬಂದವನು ಆ ಹೋರಾಟದಲ್ಲಿ ಸತ್ತರೂ 38ನೇ ಕಲಮು ಆಕೆಯ ಬೆನ್ನಿಗಿದೆ. ಜೀವಭಯದಲ್ಲಿರುವವರು ಏಟನ್ನು ತಕ್ಕಡಿಯಲ್ಲಿ ತೂಗಿ ಕೊಡಲಾಗದು ಎಂಬುದನ್ನು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಒಪ್ಪಿಕೊಂಡಿದೆ.

ಮಿತಿಯೂ ಇದೆ; ತರಬೇತಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ ಪಾಠ. ಅಪಾಯ ಇರುವಷ್ಟು ಹೊತ್ತು ಮಾತ್ರ ಈ ಹಕ್ಕು. ಅವನು ಓಡಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆದರೆ, ಮರುದಿನ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಅವನ ಮನೆಗೆ ನುಗ್ಗಿದರೆ ಅದು ಸೇಡು. ಪೆಪ್ಪರ್ ಸ್ಪ್ರೇ ಚೀಲದಲ್ಲಿಟ್ಟುಕೊಳ್ಳುವವರು 2024ರ ಒಂದು ಆದೇಶವನ್ನು ನೆನಪಿಡಬೇಕು: ಆಸ್ತಿ ಜಗಳವೊಂದರಲ್ಲಿ ಸ್ಪ್ರೇ ಬಳಸಿದವರ ಮೇಲಿನ ಕೇಸು ರದ್ದುಪಡಿಸಲು ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಅಲ್ಲಿ ಜೀವಕ್ಕೆ ತಕ್ಷಣದ ಅಪಾಯವಿರಲಿಲ್ಲ ಎಂದಿತು.

ಆತ್ಮರಕ್ಷಣೆಗೆ ಹೊಡೆದೆ ಎಂದು ತೋರಿಸುವ ಹೊಣೆ ಹೊಡೆದವಳದೇ. ಆದ್ದರಿಂದ ಹರಿದ ಬಟ್ಟೆ ಒಗೆಯಬೇಡಿ. ಗಾಯವನ್ನು ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಮಾಡಿಸಿ. ಮೊದಲು ನೀವೇ 112ಕ್ಕೆ ಕರೆ ಮಾಡಿ. ಅವನು ಮೊದಲು ಠಾಣೆ ಮುಟ್ಟಿದರೆ ಕಥೆ ಅವನದಾಗುತ್ತದೆ.

ಯಾವ ಠಾಣೆ? ಗಡಿ ತಾಲ್ಲೂಕುಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಅಕ್ಕಲಕೋಟೆ, ಸೊಲ್ಲಾಪುರದ ದಾರಿಯಲ್ಲಿ ಬಸ್ಸಿನೊಳಗೆ ನಡೆದದ್ದಕ್ಕೆ ಅಫಜಲಪುರ ಠಾಣೆಯಲ್ಲೂ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ 'ನಮ್ಮ ಹದ್ದಿನಲ್ಲಿಲ್ಲ' ಎಂದು ವಾಪಸ್ ಕಳಿಸುವಂತಿಲ್ಲ. ಜನ ಇದನ್ನೇ ಜೀರೋ ಎಫ್‌ಐಆರ್ ಅನ್ನುತ್ತಾರೆ. ಮೈಮುಟ್ಟಿದ, ಬೆನ್ನುಹತ್ತಿ ಕಾಡಿದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಗೆ ಒಂದು ಪೈಸೆಯೂ ಕೊಡಬೇಕಿಲ್ಲ. ದೂರು ತೆಗೆದುಕೊಳ್ಳದಿದ್ದರೆ ಕಲಬುರಗಿಯ ಎಸ್‌ಪಿ ಅವರಿಗೆ ಅಂಚೆಯಲ್ಲಿ ಬರೆಯಿರಿ, ರಸೀದಿ ಇಟ್ಟುಕೊಳ್ಳಿ; ಅಲ್ಲಿಯೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅತ್ಯಾಚಾರ, ಆಸಿಡ್ ದಾಳಿಯಂಥ ದೂರನ್ನು ದಾಖಲಿಸದ ಅಧಿಕಾರಿಗೇ ಕನಿಷ್ಠ 6 ತಿಂಗಳ ಕಠಿಣ ಸಜೆಯಿದೆ.

ಅವನೂ ಪ್ರತಿದೂರು ಕೊಟ್ಟನೆನ್ನಿ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ತಂದಿರಬೇಕು. ವಕೀಲರ ಫೀಸಿನ ಚಿಂತೆಯೂ ಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿ ಹೆಂಗಸರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತದೆ, ದೂರು ಕೊಟ್ಟವಳಿಗೂ, ಆರೋಪ ಹೊತ್ತವಳಿಗೂ. ಸಹಾಯವಾಣಿ 15100.