ಉಸಿರಿನ ಯಂತ್ರದೊಂದಿಗೆ ಮೊದಲ ತಿಂಗಳು

ನಮ್ಮಲ್ಲಿ ಗೊರಕೆಯೆಂದರೆ ನಗೆಯ ವಸ್ತು. ಮದುವೆ ಮನೆಯಲ್ಲಿ ಹತ್ತು ಜನ ಒಂದೇ ಜಮಖಾನೆಯ ಮೇಲೆ ಮಲಗಿದರೆ, ಯಾರ ಗೊರಕೆ ಜೋರು ಎಂಬುದೇ ಮರುದಿನದ ಚಹಾದ ಜೊತೆಗಿನ ಮಾತು. ಆದರೆ ದಿನವೂ ಪಕ್ಕದಲ್ಲಿ ಮಲಗುವ ಹೆಂಡತಿಗೆ ಗೊತ್ತಿರುವ ಸಂಗತಿ ಬೇರೆ. ಅವಳನ್ನು ಹೆದರಿಸುವುದು ಗೊರಕೆಯಲ್ಲ. ಗೊರಕೆ ಥಟ್ಟನೆ ನಿಂತಾಗಿನ ಮೌನ.

ಗೊಬ್ಬೂರಿನಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಯಜಮಾನನಿಗೆ ಐವತ್ತು ದಾಟಿದೆ, ಕುತ್ತಿಗೆ ದಪ್ಪ, ಬಿ.ಪಿ. ಗುಳಿಗೆ ನಡೆದಿದೆ. ರಾತ್ರಿ ಎಂಟು ತಾಸು ಮಲಗಿದರೂ ಬೆಳಿಗ್ಗೆ ತಲೆ ಭಾರ. ಚಹಾದಂಗಡಿಯ ಬೆಂಚಿನ ಮೇಲೆ ತೂಕಡಿಕೆ, ಭಾನುವಾರದ ಪ್ರಬೋಧನೆಯಲ್ಲಿ ತೂಕಡಿಕೆ. ಅದನ್ನೆಲ್ಲ ಜನ ನಕ್ಕು ಬಿಡುತ್ತಾರೆ. ಒಂದು ಸಂಜೆ ಹೊಲದಿಂದ ಬರುವಾಗ ಮೋಟಾರ್ ಸೈಕಲ್ಲಿನ ಮೇಲೆಯೇ ಕಣ್ಣು ಮುಚ್ಚಿ ರಸ್ತೆಯ ಪಕ್ಕದ ತೊಗರಿ ಹೊಲಕ್ಕೆ ಇಳಿದ ಮೇಲೆ ಯಾರೂ ನಗಲಿಲ್ಲ. "ನಡುರಾತ್ರಿ ಎಷ್ಟ್ ಸಲ ಎಬ್ಬಿಸ್ಲಿ ರೀ, ಉಸುರೇ ಬರ್ಲಕತ್ತಿಲ್ಲ ಅಂತ ಅಂಜಿಕಿ ಬರ್ತದ," ಎಂದು ಹೆಂಡತಿ ಹಟ ಹಿಡಿದ ಮೇಲೆ ಕಲಬುರಗಿಗೆ ಹೋದರು. ಒಂದು ರಾತ್ರಿಯ ನಿದ್ರೆಯ ಪರೀಕ್ಷೆ ಆಯಿತು, ರೋಗಕ್ಕೆ ಹೆಸರು ಸಿಕ್ಕಿತು, ಯಂತ್ರ ಮನೆಗೆ ಬಂತು. ಮೂರನೆಯ ರಾತ್ರಿ ಅದು ಚೀಲ ಸೇರಿ ಅಟ್ಟ ಹತ್ತಿತು.

ಈ ಪಾಠ ಆ ಅಟ್ಟದ ಮೇಲಿನ ಚೀಲದ ಕುರಿತು.

ರೋಗದ ಹೆಸರು ಸ್ಲೀಪ್ ಅಪ್ನಿಯಾ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಗಾಳಿ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತದೆ, ದೊಡ್ಡದೊಂದು ಗೊರಕೆಯೊಡನೆ ಉಸಿರು ಮರಳುತ್ತದೆ. ಮಲಗಿದವನಿಗೆ ಇದಾವುದೂ ನೆನಪಿರುವುದಿಲ್ಲ. ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ತಾಸಿಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ಮೀರಿದರೆ ತೀವ್ರ ಎಂದು ವೈದ್ಯರು ಎಣಿಸುತ್ತಾರೆ. ತಾಸಿಗೆ ಮೂವತ್ತು ಸಲವೆಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ಹಿಡಿದು ಅಲುಗಾಡಿಸಿದಂತೆ. ಇದು ಬಡವ ಬಲ್ಲಿದ ನೋಡುವ ರೋಗವಲ್ಲ. ಹಿಂದಿ ಚಿತ್ರರಂಗದ ಸಂಗೀತಗಾರ ಬಪ್ಪಿ ಲಾಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣವೂ ಇದೇ.

ಯಂತ್ರದ ಹೆಸರು ಸಿಪ್ಯಾಪ್. ಇದಕ್ಕೂ ಮೊದಲು ತೀವ್ರ ರೋಗಿಗಳಿಗೆ ಗಂಟಲಿನಲ್ಲಿ ರಂಧ್ರ ಕೊರೆಯುವುದೇ ಖಚಿತವಾದ ದಾರಿಯಾಗಿತ್ತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾಕ್ಟರ್ ಕಾಲಿನ್ ಸಲಿವನ್ ಎಂಬವರು ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿ, ಅದರ ಗಾಳಿಯನ್ನು ಕೊಳವೆಯ ಮೂಲಕ ರೋಗಿಯ ಮೂಗಿಗೆ ಕಳಿಸಿ ನೋಡಿದರು. ಆ ಫಲಿತಾಂಶ 1981ರಲ್ಲಿ ಪ್ರಕಟವಾಯಿತು. ಮನೆ ಗುಡಿಸುವ ಯಂತ್ರದಿಂದ ಹುಟ್ಟಿದ ಮದ್ದು!

ಅದು ಕೆಲಸ ಮಾಡುವ ಬಗೆ ನಮ್ಮ ರೈತರಿಗೆ ಬೇಗ ತಿಳಿಯುತ್ತದೆ. ಹೊಲಕ್ಕೆ ನೀರು ಬಿಡುವ ತೆಳು ಪ್ಲಾಸ್ಟಿಕ್ ಪೈಪು ನೆನೆಸಿಕೊಳ್ಳಿ. ನೀರು ಹರಿಯುವಾಗ ಉಬ್ಬಿ ನಿಂತಿರುತ್ತದೆ. ಮೋಟಾರು ನಿಂತ ಕೂಡಲೇ ಚಪ್ಪಟೆ. ಸಡಿಲಾದ ಗಂಟಲೂ ಹಾಗೆಯೇ. ಯಂತ್ರದ ಗಾಳಿಯ ಒತ್ತಡ ಅದನ್ನು ಉಬ್ಬಿಸಿ ಹಿಡಿಯುತ್ತದೆ, ಅಷ್ಟೆ. ಆದ್ದರಿಂದ ಇದು ರೋಗವನ್ನು ಬುಡಸಮೇತ ಕೀಳುವುದಿಲ್ಲ. ಹಾಕಿಕೊಂಡ ರಾತ್ರಿ ಕೆಲಸ, ಬಿಟ್ಟ ರಾತ್ರಿ ಹಳೆಯ ಕಥೆ. ಒಳಗೆ ಬರುವುದು ಆಮ್ಲಜನಕವಲ್ಲ, ಕೋಣೆಯ ಗಾಳಿಯೇ. ಇದನ್ನು ನೆರೆಹೊರೆಯವರಿಗೂ ಹೇಳಬೇಕಾಗುತ್ತದೆ. 2020–21ರ ಕೋವಿಡ್ ಕಾಲದಲ್ಲಿ ಇಂಥದೇ ಮಾಸ್ಕುಗಳನ್ನು ಆಸ್ಪತ್ರೆಯಲ್ಲಿ ಕಂಡವರು, "ಇವರ ಮನ್ಯಾಗ ಯಾರಿಗೋ ಭಾಳ ಸೀರಿಯಸ್ ಅದಂತ" ಎಂದು ಊರೆಲ್ಲ ಸುದ್ದಿ ಮಾಡಿಬಿಡುತ್ತಾರೆ. ಅಟ್ಟ ಸೇರಿದ ಎಷ್ಟೋ ಯಂತ್ರಗಳ ಹಿಂದೆ ಇರುವುದು ತೊಂದರೆಗಿಂತ ನಾಚಿಕೆ ಎಂದು ನನಗೆ ಅನ್ನಿಸುತ್ತದೆ.

ಇನ್ನು ತೊಂದರೆಗಳು. ಮೊದಲ ರಾತ್ರಿ ಎಲ್ಲರೂ ಹೇಳುವುದು ಒಂದೇ: ಉಸಿರು ಕಟ್ಟಿದ ಹಾಗಾಗುತ್ತದೆ. ಉಸಿರು ಹೊರಬಿಡುವಾಗ ಎದುರಿನಿಂದ ಗಾಳಿ ತಳ್ಳುತ್ತದಲ್ಲ, ಅದಕ್ಕೆ. ಯಂತ್ರದ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ, ಸಾಮಾನ್ಯವಾಗಿ 4ರಿಂದ 20ರ ತನಕ. ಲೋಟದ ನೀರಿನಲ್ಲಿ ಕೊಳವೆಯನ್ನು ಹತ್ತು ಸೆಂಟಿಮೀಟರ್ ಮುಳುಗಿಸಿ ಗುಳ್ಳೆ ಊದಿ ನೋಡಿ. ಹತ್ತರ ಒತ್ತಡವೆಂದರೆ ಅಷ್ಟೇ. ಹೆಚ್ಚಿನ ಯಂತ್ರಗಳಲ್ಲಿ 'ರ‍್ಯಾಂಪ್' ಎಂಬ ಸೌಲಭ್ಯವಿದೆ: ಕಡಿಮೆ ಒತ್ತಡದಿಂದ ಆರಂಭಿಸಿ, ನೀವು ನಿದ್ರೆಗೆ ಜಾರುವ ಹೊತ್ತಿಗೆ ನಿಧಾನವಾಗಿ ಏರುತ್ತದೆ. ಅದನ್ನು ತೋರಿಸಿಕೊಡಿ ಎಂದು ಯಂತ್ರ ಕೊಟ್ಟವರನ್ನು ಕೇಳಿ. ಆದರೆ ವೈದ್ಯರು ಹಾಕಿಕೊಟ್ಟ ಒತ್ತಡವನ್ನು ನೀವಾಗಿ ಬದಲಿಸಬೇಡಿ.

ರಾತ್ರಿಯೇ ಆರಂಭಿಸಬೇಡಿರಿ. ಹಗಲು ಕುಳಿತುಕೊಂಡು, ಕೊಳವೆ ಜೋಡಿಸದೆ, ಬರೀ ಮಾಸ್ಕನ್ನು ಕೈಯಲ್ಲಿ ಹಿಡಿದು ಮುಖಕ್ಕೆ ತಾಗಿಸಿ ಐದು ನಿಮಿಷ. ಮರುದಿನ ಪಟ್ಟಿ ಕಟ್ಟಿಕೊಂಡು ಹತ್ತು ನಿಮಿಷ. ಆಮೇಲೆ ಯಂತ್ರ ಚಾಲೂ ಮಾಡಿ ಟಿ.ವಿ. ನೋಡುತ್ತ ಅರ್ಧ ತಾಸು. ಮಧ್ಯಾಹ್ನದ ಕಿರುನಿದ್ದೆ ಅದರೊಳಗೆ ಬಂದರೆ ನೀವು ಅರ್ಧ ಗೆದ್ದಂತೆ. ರಾತ್ರಿ ನಡುವೆ ಕಿತ್ತೆಸೆದರೆ ಬೇಸರ ಬೇಡ. ಎಚ್ಚರವಾದಾಗ ಮತ್ತೆ ಹಾಕಿಕೊಳ್ಳಿ. ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಎರಡು ತಿಂಗಳು.

ಮಾಸ್ಕಿನ ಪಟ್ಟಿಯನ್ನು ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಸರಿಪಡಿಸಬೇಕು. ಗಾಳಿ ಸೋರುತ್ತದೆಂದು ಬಿಗಿದಷ್ಟೂ ಮೂಗಿನ ಮೇಲೆ ಹುಣ್ಣಾಗುತ್ತದೆ, ಸೋರುವುದು ನಿಲ್ಲುವುದಿಲ್ಲ. ಅಳತೆ ತಪ್ಪಿದ್ದರೆ ಬದಲಿಸಿ ಕೊಡಲು ಕೇಳಿ. ನಮ್ಮ ಕಡೆಯ ಗಂಡಸರಿಗೆ ಇಲ್ಲಿ ಒಂದು ಧರ್ಮಸಂಕಟ: ಮೀಸೆ. ದಪ್ಪ ಮೀಸೆಯ ಸಂದಿನಿಂದ ಗಾಳಿ ಸೋರುತ್ತದೆ. ಮೀಸೆ ತೆಗೆಯಿರಿ ಎಂದು ಹೇಳುವ ಧೈರ್ಯ ನನಗಿಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕು ಇದೆ, ಅದನ್ನು ಹಾಕಿ ನೋಡಬಹುದು. ಬಾಯಿ ತೆರೆದು ಮಲಗುವವರಿಗೆ ಮಾತ್ರ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕೇ ಆಗಬೇಕಾದೀತು. ಹೊಟ್ಟೆಯಲ್ಲಿ ಗಾಳಿ ತುಂಬಿದರೆ, ಮೂಗು ಕಟ್ಟಿದರೆ ವೈದ್ಯರಿಗೆ ತಿಳಿಸಿ, ಎರಡಕ್ಕೂ ಉಪಾಯವಿದೆ.

ಬಿಸಿಲುನಾಡಿನ ಒಣ ಹವೆಗೆ ಗಂಟಲು ಆರುತ್ತದೆ. ಅದಕ್ಕಾಗಿ ಯಂತ್ರದಲ್ಲಿ ನೀರಿನ ಸಣ್ಣ ಡಬ್ಬಿ ಇರುತ್ತದೆ. ಅದಕ್ಕೆ ನಮ್ಮ ಬೋರಿನ ಗಡಸು ನೀರು ಹಾಕಿದರೆ ಕೆಲವೇ ದಿನಕ್ಕೆ ಬಿಳಿ ಪದರ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ. ಬೆಳಿಗ್ಗೆ ಉಳಿದ ನೀರು ಚೆಲ್ಲಿ ಡಬ್ಬಿ ಒಣಗಿಸಿ. ಮಾಸ್ಕಿನ ಮೆತ್ತೆಯನ್ನು ದಿನಾ, ಕೊಳವೆಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಿನಿಂದ ತೊಳೆದು ನೆರಳಿನಲ್ಲಿ ಆರಿಸಿ. ರಾಶಿಯ ಕಾಲದಲ್ಲಿ ಧೂಳು ಹೆಚ್ಚು. ಗಾಳಿ ಒಳಬರುವ ಕಡೆಯ ಫಿಲ್ಟರನ್ನು ಆಗಾಗ ನೋಡುತ್ತಿರಿ.

ಕರೆಂಟು ಹೋದರೆ ಸಾಯುತ್ತೇವೆಯೇ? ಇಲ್ಲ. ಮಾಸ್ಕಿನಲ್ಲಿ ಗಾಳಿ ಹೊರಹೋಗುವ ರಂಧ್ರಗಳಿವೆ, ಪೂರ್ತಿ ಮುಚ್ಚುವ ಮಾಸ್ಕಿನಲ್ಲಿ ತಾನಾಗಿ ತೆರೆಯುವ ಕವಾಟವೂ ಇದೆ. ಎಚ್ಚರವಾಗುತ್ತದೆ, ತೆಗೆದಿಟ್ಟರಾಯಿತು. ಇನ್ವರ್ಟರ್ ಇದ್ದವರು ನೀರು ಬಿಸಿಮಾಡುವ ಭಾಗವನ್ನು ಬಂದ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ವಿದ್ಯುತ್ತು ಹೆಚ್ಚು ತಿನ್ನುವುದು ಅದೇ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವವರು ಯಂತ್ರವನ್ನೂ ಮೇಲೆ ಒಯ್ಯಿರಿ. ಗಟ್ಟಿ ವೈರು ಎಳೆಸಿ, ಯಂತ್ರವನ್ನು ಮಣ್ಣಿಗೆ ತಾಗದಂತೆ ಸ್ಟೂಲಿನ ಮೇಲಿಡಿ.

ಇಷ್ಟೆಲ್ಲ ಮಾಡಿ ಫಲವೇನು? ಹಗಲಿನ ತೂಕಡಿಕೆ ಹೋಗುತ್ತದೆ, ಬಿ.ಪಿ. ಸ್ವಲ್ಪ ಇಳಿಯಬಹುದು. ಹೃದಯಾಘಾತ ತಪ್ಪಿಸುತ್ತದೆಯೇ ಎಂದು ಏಳು ದೇಶಗಳಲ್ಲಿ 2,717 ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಹೃದಯದ ಮಟ್ಟಿಗೆ ಲಾಭ ಕಾಣಲಿಲ್ಲ. ಆದರೆ ಅದರಲ್ಲಿದ್ದವರು ರಾತ್ರಿಗೆ ಸರಾಸರಿ 3.3 ತಾಸು ಮಾತ್ರ ಯಂತ್ರ ಬಳಸಿದ್ದರು. ನಿದ್ರಿಸಿದಷ್ಟು ಹೊತ್ತೂ ಹಾಕಿಕೊಳ್ಳಿ ಎಂದು ವೈದ್ಯರು ಹೇಳುವುದು ಸುಮ್ಮನೆ ಅಲ್ಲ. ಜೊತೆಗೆ ಮೈತೂಕ ಇಳಿಸಬೇಕು. ಸೆರೆ ಮತ್ತು ನಿದ್ರೆಯ ಗುಳಿಗೆ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ತೂಕ ನೂರಕ್ಕೆ ಹತ್ತರಷ್ಟು ಇಳಿದರೂ ಉಸಿರು ನಿಲ್ಲುವ ಎಣಿಕೆ ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ.

ಹೆಂಡತಿಯರಿಗೊಂದು ಮಾತು. ಯಂತ್ರ ಸರಿಯಾಗಿ ನಡೆದ ಮೊದಲ ರಾತ್ರಿ ನಿಮಗೇ ನಿದ್ದೆ ಬರಲಿಕ್ಕಿಲ್ಲ. ಇಪ್ಪತ್ತು ವರ್ಷ ಗೊರಕೆ ಕೇಳಿದ ಕಿವಿಗೆ ಮೌನವೆಂದರೆ ಗಾಬರಿ. ಅವರ ಎದೆಯ ಮೇಲೆ ಕೈಯಿಟ್ಟು ನೋಡಿ, ಏರಿಳಿಯುತ್ತಿರುತ್ತದೆ. ಮಾಸ್ಕು ಜಾರಿದಾಗ ಬಯ್ಯದೆ ಸರಿಮಾಡಿ ಕೊಡುವ ಕೈ ನಿಮ್ಮದಾಗಲಿ. ಗೊರಕೆಯ ರೋಗ ಹೆಂಗಸರಿಗೂ ಬರುತ್ತದೆ, ಮುಟ್ಟು ನಿಂತ ಮೇಲೆ ಹೆಚ್ಚು. ಅವರು ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ, ಗಂಡಂದಿರು ಎಚ್ಚರಿದ್ದು ಕೇಳಿಸಿಕೊಳ್ಳುವುದಿಲ್ಲ.

ತಿಂಗಳ ಕೊನೆಗೆ ಯಂತ್ರದೊಡನೆ ವೈದ್ಯರಲ್ಲಿಗೆ ಹೋಗಿ. ಎಷ್ಟು ತಾಸು ಬಳಸಿದಿರಿ, ಎಷ್ಟು ಸೋರಿತು, ಇನ್ನೂ ಎಷ್ಟು ಸಲ ಉಸಿರು ನಿಂತಿತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ತಾಸಿಗೆ ಐದಕ್ಕಿಂತ ಕಡಿಮೆಯಾಗಿದ್ದರೆ ಸರಿಯಾದ ದಾರಿ. ತೂಕಡಿಕೆ ಪೂರ್ತಿ ಹೋಗುವ ತನಕ ಗಾಡಿ ಮಗನ ಕೈಯಲ್ಲಿರಲಿ. ಮುಂದೆಂದಾದರೂ ಹರನಿಯಾ, ಕಲ್ಲು ಎಂದು ಯಾವುದೇ ಆಪರೇಷನ್ನಿಗೆ ಹೋಗಬೇಕಾಗಿ ಬಂದರೆ, ಅರಿವಳಿಕೆ ಕೊಡುವ ವೈದ್ಯರಿಗೆ ಈ ರೋಗದ ಸಂಗತಿಯನ್ನು ಮೊದಲೇ ಹೇಳಿ, ಯಂತ್ರವನ್ನೂ ಆಸ್ಪತ್ರೆಗೆ ಒಯ್ಯಿರಿ.